ಬಾಣಕ್ಕೆ ಬಾಲ

ಪ್ರತಿಯೊಂದು ಮನೆಗೂ ಒಂದು ನಿಷಿದ್ಧ ವಸ್ತು ಇರುತ್ತದೆ. ಕೆಲವರಿಗೆ ಇಸ್ಪೀಟು, ಕೆಲವರಿಗೆ ನೀರುಳ್ಳಿ. ಹಟ್ಟಿಯಂಗಡಿಯ ನಮ್ಮ ಮನೆಗೆ ಅದು ಪಟಾಕಿಯ ಮದ್ದು. ಐವತ್ತು ವರ್ಷಗಳಿಗೂ ಮಿಕ್ಕಿ ನಮ್ಮಲ್ಲಿ ದೀಪಾವಳಿಯೆಂದರೆ ಹಣತೆಗಳ ಸಾಲು, ಗದ್ದೆಯಲ್ಲಿ ದೀಪವಿಟ್ಟು ಬಲೀಂದ್ರನನ್ನು ಕೂಗುವುದು, ಆಮೇಲೆ ಊಟ. ನೆರೆಮನೆಯಲ್ಲಿ ಬಾಣ ಹಾರಿದರೆ ನಮ್ಮ ಮಕ್ಕಳು ಜಗಲಿಯಲ್ಲಿ ಕುಳಿತು ನೋಡಬಹುದು, ಅಂಗಳಕ್ಕೆ ಇಳಿಯಕೂಡದು. ಇಂಥ ಮನೆಯಲ್ಲಿ ಹಿಂದಿನ ಬೇಸಿಗೆ ರಜೆಗೆ ಬಂದ ನನ್ನ ಮೊಮ್ಮಗ, ಎಂಟನೆಯ ತರಗತಿಯ ಹುಡುಗ, ಕಾಫಿ ಕುಡಿಯುತ್ತಿದ್ದ ನನ್ನ ಮುಂದೆ ನಿಂತು, "ಅಜ್ಜ, ನಾವೊಂದು ರಾಕೆಟ್ಟು ಮಾಡುವ" ಎಂದ. ಲೋಟ ನನ್ನ ಕೈಯಲ್ಲೇ ಉಳಿಯಿತು.

ಏಕೆಂದು ಹೇಳಬೇಕಾದರೆ 1969ಕ್ಕೆ ಹೋಗಬೇಕು. ಆ ವರ್ಷದ ಜುಲೈ ತಿಂಗಳಿನಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಸುದ್ದಿ ರೇಡಿಯೋದಲ್ಲಿ ಬಂದಿತು. ನನಗೆ ಒಂಬತ್ತು ವರ್ಷ, ಅಣ್ಣನಿಗೆ ಹದಿಮೂರು. ಹೊರಗೆ ಜಡಿಮಳೆ, ನಾವು ಚಂದ್ರನ ಮುಖ ಕಂಡು ವಾರಗಳಾಗಿದ್ದವು. ಕಾಣದ ಆ ಚಂದ್ರನ ಮೇಲೆ ಯಾರೋ ನಡೆದಾಡುತ್ತಿದ್ದಾರೆಂಬ ಮಾತು ಅಣ್ಣನ ತಲೆಯನ್ನು ಹೊಕ್ಕಿತು. ದೀಪಾವಳಿಯ ಹೊತ್ತಿಗೆ ಅವನು ಹಳೆಯ ಕೊಡೆಯ ಟೊಳ್ಳು ಕಾವಿಗೆ ಪಟಾಕಿಯ ಮದ್ದು ತುಂಬಿ ತನ್ನದೊಂದು ರಾಕೆಟ್ಟು ಕಟ್ಟಿದ. ಅದು ಹಾರಲಿಲ್ಲ. ಕೈಯಲ್ಲೇ ಒಡೆಯಿತು. ಅವನನ್ನು ದೋಣಿಯಲ್ಲಿ ಮಲಗಿಸಿ ವಾರಾಹಿಯ ಮೇಲೆ ಕುಂದಾಪುರಕ್ಕೆ ಒಯ್ದದ್ದು, ಹಿಂದೆ ಬರುವಾಗ ಅವನ ಎಡಗೈಯಲ್ಲಿ ಎರಡು ಬೆರಳು ಇಲ್ಲದ್ದು, ಇವು ನನಗೆ ನಿನ್ನೆಯಂತೆ ನೆನಪಿವೆ. ಅಪ್ಪಯ್ಯ ಹೊಡೆಯಲಿಲ್ಲ, ಬೈಯಲಿಲ್ಲ. "ಇನ್ನು ಈ ಮನೆಯಲ್ಲಿ ಅದರ ಮಾತು ಬೇಡ" ಎಂದರು. ಮದ್ದು ಮಾತ್ರವಲ್ಲ, ಅಂದಿನಿಂದ ಮಾತೂ ನಿಂತಿತು. ಆ ಕೊಳವೆ ಹಾರದೆ ಒಡೆದದ್ದು ಏಕೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ನನ್ನ ಮುಖ ನೋಡಿ ಹುಡುಗನಿಗೆ ಏನು ತೋರಿತೋ, "ಬೆಂಕಿ ಬೇಡ ಅಜ್ಜ, ನೀರು ಸಾಕು" ಎಂದ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ನೆಲಕ್ಕೆ ಇಳಿದುದನ್ನು ಶಾಲೆಯಲ್ಲಿ ಕುಳಿತು ಕಂಡವನು ಅವನು. ನೀರಿನಿಂದ ರಾಕೆಟ್ಟು ಹಾರುತ್ತದೆಂದು ಹೇಳಿದರೆ ನಂಬಬೇಕೋ ನಗಬೇಕೋ ನನಗೆ ತಿಳಿಯಲಿಲ್ಲ. ನೀರಾದರೆ ಚಿಂತೆಯಿಲ್ಲವೆಂದು ಒಪ್ಪಿಕೊಂಡೆ.

ಅವನು ವಿವರಿಸಿದ ತತ್ತ್ವ ಸರಳವಾದದ್ದು. ಗಟ್ಟಿಯಾದ ಸೋಡಾ ಬಾಟಲಿಯಲ್ಲಿ ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಗಾಳಿ. ಬಾಯಿಗೆ ರಬ್ಬರಿನ ಬಿರಡೆ, ಅದರ ನಡುವೆ ಸೈಕಲ್ ಟ್ಯೂಬಿನ ವಾಲ್ವು. ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ ಪಂಪು ಹೊಡೆದರೆ ಒಳಗಿನ ಗಾಳಿ ಬಿಗಿಯುತ್ತದೆ. ಕೊಂಡಿ ಕಳಚಿದೊಡನೆ ಗಾಳಿ ನೀರನ್ನು ಕೆಳಕ್ಕೆ ನೂಕುತ್ತದೆ, ನೀರು ಬಾಟಲಿಯನ್ನು ಮೇಲಕ್ಕೆ ನೂಕುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ಸೈಕಲ್ ಪಂಪಿನಲ್ಲಿ ಇರುತ್ತದೆಂದು ತಿಳಿದಿರಲಿಲ್ಲ. "ಬರೀ ಗಾಳಿಯೇ ಸಾಲದೇ? ನೀರೇಕೆ?" ಎಂದೆ. "ಗಾಳಿ ಹಗುರ ಅಜ್ಜ. ಹಗುರವಾದದ್ದನ್ನು ಎಸೆದರೆ ನಮಗೆ ಸಿಕ್ಕುವ ನೂಕೂ ಹಗುರ" ಎಂದ. ಒತ್ತಡ ಚದರ ಅಂಗುಲಕ್ಕೆ 60 ಪೌಂಡು ಇದ್ದರೆ ನೀರು ಸೆಕೆಂಡಿಗೆ ಸುಮಾರು 28 ಮೀಟರು ವೇಗದಿಂದ ಹೊರಡುತ್ತದೆಂದು ಲೆಕ್ಕವನ್ನೂ ತೋರಿಸಿದ.

ಗೂಟಗಳನ್ನು ನೆಟ್ಟು ಒಂದು ಪೀಠ ಕಟ್ಟಿದೆವು. ಬಾಟಲಿಯ ಕೊರಳಿನ ಉಂಗುರವನ್ನು ಹಿಡಿದಿಡಲು ಬಗ್ಗಿಸಿದ ತಂತಿ, ತಂತಿಗೆ ಹತ್ತು ಹೆಜ್ಜೆ ಉದ್ದದ ಹುರಿ. ಗಡಿಯಾರವಿರುವ ಕಾಲುಪಂಪನ್ನು ತಲ್ಲೂರಿನಿಂದ ತಂದೆ. ಬಾಟಲಿ ಇನ್ನೂ ಹೆಚ್ಚು ತಾಳೀತು; ಆದರೂ 60ರ ಮೇಲೆ ಮುಳ್ಳು ಏರಕೂಡದು, ಗಾಳಿ ತುಂಬಿದ ಬಾಟಲಿಯ ಹತ್ತಿರ ಯಾರೂ ಹೋಗಕೂಡದು, ಇದು ನನ್ನ ಕಾನೂನು. ಕೊಯ್ಲಾಗಿ ಒಣಗಿದ ಗದ್ದೆಯಲ್ಲಿ ಒಂದು ಬೆಳಿಗ್ಗೆ ಹುರಿ ಎಳೆದೆವು. ಬಾಟಲಿ "ಬುಸ್" ಎಂದು ನೆಗೆಯಿತು, ತೆಂಗಿನ ಮರದ ಅರ್ಧಕ್ಕೆ ಹೋಗುವಷ್ಟರಲ್ಲಿ ಒಂದು ಲಾಗ ಹೊಡೆಯಿತು, ಮತ್ತೊಂದು ಹೊಡೆಯಿತು, ಕುಡಿದವನಂತೆ ತೂರಾಡಿ ಅಡಿಕೆ ತೋಟದಲ್ಲಿ ಬಿತ್ತು. ಮರುದಿನ ಎರಡು ರಟ್ಟಿನ ರೆಕ್ಕೆಗಳನ್ನು ಬಾಟಲಿಯ ನಡುವಿಗೆ ಅಂಟಿಸಿದೆವು. ಲಾಗ ಹೆಚ್ಚಾಯಿತು.

ಆಗ ಜಗಲಿಯಿಂದ ಒಂದು ದನಿ ಬಂದಿತು: "ಬಾಲ ಇಲ್ದೆ ಗಾಳಿಪಟ ಹಾರತ್ತಾ?"

ಅಣ್ಣ. ಎರಡು ದಿನದಿಂದಲೂ ಅವನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತಿದ್ದ. ಓದುತ್ತಿರಲಿಲ್ಲವೆಂದು ಈಗ ತಿಳಿಯಿತು. ಅಷ್ಟು ಹೇಳಿ ಎದ್ದು ಒಳಗೆ ಹೋದ.

ಅವನ ಮಾತು ನನ್ನನ್ನು ಶಿವಮೊಗ್ಗಕ್ಕೆ ಕೊಂಡೊಯ್ದಿತು. ಅಲ್ಲಿನ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ನಾನು ಕೆಲವು ಕಬ್ಬಿಣದ ಕೊಳವೆಗಳನ್ನು ಕಂಡಿದ್ದೆ, ಒಂದೊಂದೂ ಒಂದು ಗೇಣಿನಷ್ಟು, ತುಕ್ಕು ಹಿಡಿದು ಕಪ್ಪಾದವು. ಅವು ಮೈಸೂರಿನ ಬಾಣಗಳು. ನಮ್ಮೂರಿನಿಂದ ವಾರಾಹಿಯ ಗುಂಟ ಮೂಡಲಿಗೆ ಹೋಗಿ, ಹೊಸಂಗಡಿಯಿಂದ ಘಾಟಿ ಹತ್ತಿದರೆ ನಗರ ಸಿಕ್ಕುತ್ತದೆ, ಹಳೆಯ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ತನ್ನ ಹೆಸರಿಟ್ಟ. ಅಲ್ಲಿಯ ಒಂದು ಬಾವಿಯ ಕೆಸರಿನಲ್ಲಿ 2018ರಲ್ಲಿ ಇಂಥ ಬಾಣಗಳು ಸಾವಿರಕ್ಕೂ ಮಿಕ್ಕಿ ಸಿಕ್ಕವು. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಇಂಗ್ಲಿಷರ ಸೈನ್ಯವನ್ನು ಕಂಗೆಡಿಸಿದ್ದು ಇವೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇವುಗಳ ಮಾದರಿ ಇಂಗ್ಲೆಂಡಿಗೆ ಹೋಯಿತು. ಅದನ್ನು ನೋಡಿ ಕಾಂಗ್ರೀವ್ ಎಂಬವನು ತನ್ನ ರಾಕೆಟ್ಟುಗಳನ್ನು ಮಾಡಿದ. ಕಾಗದದ ಕೊಳವೆಯ ಬದಲು ಕಬ್ಬಿಣದ ಕೊಳವೆ ಬಳಸಿದ್ದರಿಂದ ಒಳಗಿನ ಒತ್ತಡ ಹೆಚ್ಚಿತು, ಬಾಣ ದೂರ ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಪ್ರತಿ ಕೊಳವೆಗೂ ಉದ್ದನೆಯ ಬಿದಿರನ್ನೋ ಕತ್ತಿಯ ಅಲಗನ್ನೋ ಕಟ್ಟುತ್ತಿದ್ದರು. ನಾನು ಕಂಡ ಕೊಳವೆಗಳಿಗೆ ಬಿದಿರು ಇರಲಿಲ್ಲ. ಬಲ ಕೊಟ್ಟ ಕಬ್ಬಿಣ ಉಳಿದಿದೆ, ದಾರಿ ತೋರಿಸಿದ ಬಿದಿರು ಮಣ್ಣಾಗಿದೆ. ಹಾಗಾಗಿಯೇ ನಾವು ಕಬ್ಬಿಣವನ್ನಷ್ಟೇ ಹೊಗಳುತ್ತೇವೋ ಏನೋ.

ಇದನ್ನು ಹುಡುಗನಿಗೆ ಹೇಳಿದಾಗ ಅವನು ಸುಮ್ಮನೆ ಯೋಚಿಸಿ, ತನ್ನ ಪುಸ್ತಕ ತೆರೆದ. ಹಾರುವ ಯಾವ ವಸ್ತುವಿಗೂ ಎರಡು ಬಿಂದುಗಳಿವೆ. ಒಂದು, ಬೆರಳ ಮೇಲಿಟ್ಟರೆ ತೂಗಿ ನಿಲ್ಲುವ ಗುರುತ್ವ ಕೇಂದ್ರ. ಇನ್ನೊಂದು, ಅಡ್ಡಗಾಳಿಯ ನೂಕೆಲ್ಲ ಒಂದೆಡೆ ಸೇರಿದಂತಾಗುವ ಒತ್ತಡ ಕೇಂದ್ರ. ಮೊದಲನೆಯದು ಮುಂದೆ, ಎರಡನೆಯದು ಹಿಂದೆ ಇರಬೇಕು. ನಡುವೆ ಕನಿಷ್ಠ ಬಾಟಲಿಯ ಅಡ್ಡಗಲದಷ್ಟು ಅಂತರ ಬೇಕು. ಆಗ ಮೂತಿ ಎತ್ತ ಸರಿದರೂ ಗಾಳಿಯೇ ಬಾಲವನ್ನು ಹಿಡಿದು ನೆಟ್ಟಗೆ ಮಾಡುತ್ತದೆ. ನಡುವಿನಲ್ಲಿ ರೆಕ್ಕೆ ಅಂಟಿಸಿದ ನಾವು ಗಾಳಿಗೆ ಲಾಗ ಹೊಡೆಸಲು ಹಿಡಿ ಕೊಟ್ಟಿದ್ದೆವು, ಅಷ್ಟೆ. ದೊಡ್ಡವರೂ ಇಲ್ಲಿ ತಪ್ಪಿದ್ದಾರೆ. ಅಮೆರಿಕದ ಗೊಡ್ಡಾರ್ಡನು 1926ರ ಮಾರ್ಚ್ 16ರಂದು ಪ್ರಪಂಚದ ಮೊದಲ ದ್ರವ ಇಂಧನದ ರಾಕೆಟ್ಟನ್ನು ಹಾರಿಸಿದಾಗ ಎಂಜಿನನ್ನು ತುದಿಯಲ್ಲಿಟ್ಟು ಇಂಧನದ ತೊಟ್ಟಿಗಳನ್ನು ಅದರ ಕೆಳಗೆ ಇಟ್ಟಿದ್ದ. ಲೋಲಕದಂತೆ ತೂಗಿ ನೆಟ್ಟಗೆ ಹೋದೀತೆಂದು ಎಣಿಕೆ. ಹಾಗಾಗುವುದಿಲ್ಲ. ಆ ರಾಕೆಟ್ಟು ಎರಡೂವರೆ ಸೆಕೆಂಡು ಹಾರಿ, 41 ಅಡಿ ಮೇಲೇರಿ, ಕೋಸಿನ ತೋಟದಲ್ಲಿ ಬಿತ್ತು. ನಮ್ಮದು ಅಡಿಕೆ ತೋಟದಲ್ಲಿ ಬಿದ್ದುದಕ್ಕೆ ಇನ್ನು ನಾಚಬೇಕಾಗಿಲ್ಲವೆಂದು ಹುಡುಗನಿಗೆ ಸಮಾಧಾನವಾಯಿತು.

ಮತ್ತೆ ಮೊದಲಿನಿಂದ ತೊಡಗಿದೆವು. ರಾಕೆಟ್ಟಿನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಚೂರಿಯ ಅಂಚಿನ ಮೇಲೆ ತೂಗಿಸಿ ಒತ್ತಡ ಕೇಂದ್ರವನ್ನು ಹೆಚ್ಚು ಕಡಿಮೆ ಗುರುತಿಸಿದೆವು. ರೆಕ್ಕೆಗಳಿಗೆ ಅಡಿಕೆಯ ಹಾಳೆ ತಂದೆ. ನೆನೆಸಿ, ಮಣೆಯ ಕೆಳಗಿಟ್ಟು ಒಣಗಿಸಿದರೆ ರಟ್ಟಿಗಿಂತ ಗಟ್ಟಿ, ನೀರಿಗೆ ಹೆದರುವುದಿಲ್ಲ. ನಾಲ್ಕನ್ನು ಬಾಲದ ಬುಡದಲ್ಲಿ ಕೂರಿಸಿದೆವು. ಮೂತಿಗೆ ಸೀಳಿದ ರಬ್ಬರು ಚೆಂಡು, ಅದರೊಳಗೆ ಒಂದು ಉಂಡೆ ಜೇಡಿಮಣ್ಣು. ಆಮೇಲೆ ತೂಗಿ ನಿಲ್ಲುವಲ್ಲಿ ದಾರ ಕಟ್ಟಿ ಹುಡುಗ ಅದನ್ನು ತನ್ನ ಸುತ್ತ ಗರಗರ ತಿರುಗಿಸಿದ. ಮೂತಿ ಮುಂದಾಗಿಯೇ ಸುತ್ತಿತು. ಹಾರಿಸುವ ಮೊದಲೇ ಹಾರುವುದೋ ಇಲ್ಲವೋ ಎಂದು ಹೇಳುವ ಪರೀಕ್ಷೆ ಅದು. ಎರಡು ಗಜ ದಾರದ ಪರೀಕ್ಷೆ.

ಅದು ನೆಟ್ಟಗೆ ಹಾರಿತು. ಮಧ್ಯಾಹ್ನ ಕಡಲ ಗಾಳಿ ಎದ್ದ ಮೇಲೆ ಹಾರಿಸಿದಾಗ ಮಾತ್ರ ಪಡುವಲಿಗೆ, ಗಾಳಿ ಬಂದ ದಿಕ್ಕಿಗೇ ತಲೆ ಬಾಗಿಸಿತು. ಗಾಳಿ ದೂಡಿದತ್ತ ಹೋದೀತೆಂದು ನಾನು ನಂಬಿದ್ದೆ. ಗಾಳಿ ಬಾಲವನ್ನು ದೂಡುತ್ತದೆ, ಆದ್ದರಿಂದ ಮೂತಿ ಗಾಳಿಗೆ ಎದುರಾಗುತ್ತದೆಂದು ಹುಡುಗ ಹೇಳಿದ. ಅಂದಿನಿಂದ ಹಾರಾಟವೆಲ್ಲ ಬೆಳಿಗ್ಗೆಯೇ.

ಆ ರಾತ್ರಿ ಊಟದ ಮೇಲೆ ಅಣ್ಣ ಹುಡುಗನನ್ನು ಕರೆದು, ಎಡಗೈಯನ್ನು ಚಾಚಿ, ನಡೆದುದನ್ನೆಲ್ಲ ತಾನೇ ಹೇಳಿದ. ನಾನು ಐವತ್ತು ವರ್ಷದಲ್ಲಿ ಅವನ ಬಾಯಿಂದ ಕೇಳದ ಕಥೆ. ಕೊನೆಗೆ, "ನಂದು ಯಾಕೆ ಹಾರ್ಲಿಲ್ಲ?" ಎಂದು ಕೇಳಿದ. ಎಪ್ಪತ್ತಕ್ಕೆ ಹತ್ತಿರವಾದವನು ಹದಿಮೂರರವನನ್ನು ಕೇಳುವ ರೀತಿಯಲ್ಲಿ ಕೇಳಲಿಲ್ಲ. ಹದಿಮೂರರವನು ಹದಿಮೂರರವನನ್ನು ಕೇಳುವಂತೆ ಕೇಳಿದ.

ಹುಡುಗ ಮೆಲ್ಲಗೆ ಹೇಳಿದ: "ದೊಡ್ಡಜ್ಜ, ಒತ್ತಡ ಹೊರಗೆ ಬರಲು ತಕ್ಕಷ್ಟು ದಾರಿ ಇದ್ದರೆ ಅದು ರಾಕೆಟ್ಟು. ಇಲ್ಲದಿದ್ದರೆ ಬಾಂಬು. ನೀವು ಮಾಡಿದ್ದು ರಾಕೆಟ್ಟು ಅಲ್ಲ."

ಅಣ್ಣ ಬಹಳ ಹೊತ್ತು ತನ್ನ ಕೈಯನ್ನು ನೋಡುತ್ತಿದ್ದ. ನನಗೆ ಅಪ್ಪಯ್ಯನ ನೆನಪಾಯಿತು. ಅವರು ಮಾಡಿದ್ದು ತಪ್ಪೆಂದು ನಾನು ಇಂದಿಗೂ ಹೇಳಲಾರೆ; ಮದ್ದನ್ನು ಮನೆಯಿಂದ ಹೊರಗಿಟ್ಟು ಅವರು ಎಷ್ಟು ಮಕ್ಕಳ ಬೆರಳು ಉಳಿಸಿದರೋ. ಆದರೆ ಮದ್ದಿನೊಂದಿಗೆ ಪ್ರಶ್ನೆಯನ್ನೂ ಹೊರಗೆ ಹಾಕಿದೆವು. ಮುಚ್ಚಿದ ಕೊಳವೆಯಂತೆ ಮುಚ್ಚಿದ ಮನೆಯೂ ಒಳ್ಳೆಯದಲ್ಲ. ಇದೇ ಉಡುಪಿ ಜಿಲ್ಲೆಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾಯರು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟವನ್ನು ಕಟ್ಟಿಸಿ 1975ರಲ್ಲಿ ಆಕಾಶಕ್ಕೇರಿಸಿದ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಯಾರೂ ಅದನ್ನು ಗಟ್ಟಿಯಾಗಿ ಓದಲಿಲ್ಲ. ಅಣ್ಣನಿಗೆ ನೋವಾದೀತೆಂದು. ಅವನು ಅದನ್ನು ಕತ್ತರಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದನೆಂದು ನಮಗೆ ತಿಳಿದದ್ದು ಆ ರಾತ್ರಿ.

ಮರುದಿನ ಬೆಳಿಗ್ಗೆ ಅವನೇ ಒಂದು ಹಳೆಯ ಕೊಡೆ ತಂದು, "ಇದರ ಬಟ್ಟೆ ಇಳಿಯುವುದಕ್ಕಾದೀತು" ಎಂದ. ಎಂಟು ದಾರ ಕಟ್ಟಿ ಮೂತಿಯಡಿಯಲ್ಲಿ ಮಡಿಸಿಟ್ಟೆವು. ಹುಡುಗ 30 ಮೀಟರು ದೂರದಲ್ಲಿ ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿ ಹಿಡಿದು ಕುಳಿತ. ಮುಳ್ಳು 60 ಮುಟ್ಟಿತು. ಹುರಿಯನ್ನು ಅಣ್ಣನ ಎಡಗೈಗೆ ಕೊಟ್ಟೆ. ಅವನ ಮೂರು ಬೆರಳು ಅದನ್ನು ಸುತ್ತಿಕೊಂಡವು, ಕಣ್ಣು ಮುಚ್ಚಿತ್ತು. ಎಳೆದ.

ಕೋನ ಐವತ್ತು ಡಿಗ್ರಿ. ಹುಡುಗನ ಲೆಕ್ಕದಲ್ಲಿ ಸುಮಾರು 36 ಮೀಟರು, ಎರಡು ತೆಂಗಿನ ಮರ. ಕೊಡೆಯ ಬಟ್ಟೆ ಅರ್ಧ ಬಿಚ್ಚಿತು, ಅರ್ಧ ಬಿಚ್ಚಲಿಲ್ಲ. ರಾಕೆಟ್ಟು ಓಲಾಡುತ್ತ ಬಂದು ಗದ್ದೆಯ ಅಂಚಿನಲ್ಲಿ ಮಗುಚಿಕೊಂಡಿತು. ಅಣ್ಣ ಕಣ್ಣು ತೆರೆದು, ಮೈಮೇಲೆ ಬಿದ್ದ ನೀರ ಹನಿಗಳನ್ನು ಒರೆಸಿಕೊಂಡು, ಗಾಳಿಯನ್ನು ಮೂಸಿದ.

"ಹೊಗೆಯೇ ಇಲ್ಲ ಕಾಣ್" ಎಂದ. ಆಮೇಲೆ ಹುಡುಗನ ಕಡೆ ತಿರುಗಿ, "ನಾನು ಹಾರೂದು ಕಂಡಿಲ್ಲೆ. ಇನ್ನೊಂದ್ ಸಲ ನೀರು ತುಂಬು" ಎಂದ.