ಯೆಜ್ಡಿಯಿಂದ ಇಳಿಸಿದ ಕಬ್ಬಿಣ

ಜೋಡಿಸುವವರಿಗೆ ಲೋಕದಲ್ಲಿ ಮರ್ಯಾದೆ ಹೆಚ್ಚು. ನನ್ನ ಸುಖವೆಲ್ಲ ಬಿಚ್ಚುವುದರಲ್ಲಿದೆ. ಮಳೆ ಬಿಟ್ಟು ಅಂಗಳದ ಪಾಚಿ ಒಣಗಿದ ಭಾನುವಾರ ಯೆಜ್ಡಿ ರೋಡ್‌ಕಿಂಗನ್ನು ಸ್ಟ್ಯಾಂಡಿಗೆ ಎತ್ತಿದೆನೆಂದರೆ ಮನೆಯಲ್ಲಿ ಯಾರೂ ನನ್ನನ್ನು ಊಟಕ್ಕೆ ಕಾಯುವುದಿಲ್ಲ.

ಮೊದಲು ಲೆಗ್ ಗಾರ್ಡ್. ಕಾಪುವಿನ ಕಡಲಗಾಳಿ ಬಲು ಕಪಟಿ. ಹೊರಗೆ ಕ್ರೋಮ್ ಫಳಫಳ ಅನ್ನುತ್ತಿರುವಾಗಲೇ ಪೈಪನ್ನು ಒಳಗಿನಿಂದ ತಿಂದು ಮುಗಿಸಿರುತ್ತದೆ. ಬೋಲ್ಟಿನ ಬುಡಕ್ಕೆ ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟಿರಬೇಕು. ಬೆಳಿಗ್ಗೆ ಸ್ಪ್ಯಾನರ್ ಹಾಕಿದ ಕೂಡಲೇ ಸಡಿಲಿಸಲು ಹೋಗಬಾರದು, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಬೇಕು. ತುಕ್ಕಿನ ಹಿಡಿತ ತಪ್ಪಿ 'ಟಕ್' ಎಂದು ಒಂದು ಸದ್ದು ಬರುತ್ತದೆ. ಆ ಸದ್ದಿಗಾಗಿಯೇ ನಾನು ಈ ಕೆಲಸ ಮಾಡುವುದು ಎಂದರೂ ತಪ್ಪಿಲ್ಲ.

ಆಮೇಲೆ ಸೀರೆ ಗಾರ್ಡ್. ಇಲ್ಲಿ ಸ್ವಲ್ಪ ತಕರಾರುಂಟು. ಹಿಂದೆ ಕೂರುವ ಸೌಕರ್ಯವಿರುವ ಬೈಕಿಗೆ ಹಿಡಿಕೆ, ಫುಟ್‌ರೆಸ್ಟ್, ಬಟ್ಟೆ ಸಿಕ್ಕದಂತೆ ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ಕವಚ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಬುದ್ಧಿವಂತ ನಿಯಮ. ಆದ್ದರಿಂದ ಒಬ್ಬನೇ ಹೊರಡುವ ದಿನ ನಾನು ಹಿಂದಿನ ಫುಟ್‌ರೆಸ್ಟನ್ನೂ ಬಿಚ್ಚಿಡುತ್ತೇನೆ. ದಾರಿಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಕಾಪು ಮಾರಿಗುಡಿಗೆ ಹೋಗುವ ದಿನ ಮಾತ್ರ ಎಲ್ಲವೂ ಸ್ವಸ್ಥಾನಕ್ಕೆ ಮರಳಬೇಕು. "ಗಾರ್ಡ್ ಹಾಕಿ ಮಾರಾಯ್ರೆ, ಇಲ್ಲದಿದ್ದರೆ ನಾನು ಬಸ್ಸಿಗೇ ಹೋಗ್ತೇನೆ" ಎಂಬ ಮಾತಿಗೆ ಮೇಲ್ಮನವಿ ಇಲ್ಲ.

ಇಂಗ್ಲೆಂಡಿನ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನ ಪ್ರಿಯರಿಗೂ ಇದೇ ರೋಗ. ಅಮೆರಿಕದ ನಿಯಮಕ್ಕೆ ಹೊಂದಿಸಲೆಂದು 1974ರಲ್ಲಿ ಅದಕ್ಕೆ ದಪ್ಪ ಕಪ್ಪು ರಬ್ಬರ್ ಬಂಪರ್ ಬಂತು. ಹೆಡ್‌ಲೈಟ್ ತಗ್ಗಿನಲ್ಲಿದೆಯೆಂದು ಇಡೀ ಕಾರನ್ನೇ ಒಂದಿಂಚು ಎತ್ತರಿಸಿದರು; ತಿರುವಿನಲ್ಲಿ ಮೈ ವಾಲತೊಡಗಿತು. ಆ ಬಂಪರ್ ಕಿತ್ತು ಹಳೆಯ ಕ್ರೋಮಿನದನ್ನು ಕೂರಿಸುವವರು ಇವತ್ತಿಗೂ ಇದ್ದಾರೆ. ಅವರು ನನಗೆ ದೂರದ ನೆಂಟರು.

ಮೈ ಹಗುರಾದ ಗಾಡಿಯನ್ನು ಪಡುಬಿದ್ರಿಯಿಂದ ಬೆಳ್ಮಣ್, ನಿಟ್ಟೆಯ ದಾರಿಯಾಗಿ ಕಾರ್ಕಳಕ್ಕೆ ಓಡಿಸಬೇಕು. ವೇಗ ಹೆಚ್ಚಿತೆಂದರೆ ಸುಳ್ಳಾದೀತು. ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಈ 250 ಸಿಸಿ ಎಂಜಿನ್ನಿಗೆ ನಾಲ್ಕು ಪೈಪಿನ ಭಾರ ಲೆಕ್ಕಕ್ಕಿಲ್ಲ. ಬದಲಾಗುವುದು ಸದ್ದು. ಗಾರ್ಡಿನ ತಂತಿ, ಸಡಿಲ ಕ್ಲಾಂಪು, ವಾಷರು ಎಲ್ಲ ಸೇರಿ ಮಾಡುತ್ತಿದ್ದ ಗಲಗಲ ನಿಂತು, ಜೋಡಿ ಸೈಲೆನ್ಸರಿನ ಮಾತೊಂದೇ ಉಳಿಯುತ್ತದೆ. 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆ ಗಾಡಿಯನ್ನು ಹೀಗೇ ಕೇಳಿಸಬೇಕೆಂದು ಮಾಡಿತ್ತು ಎಂಬುದು ನನ್ನ ವಾದ. ಎದುರುವಾದಕ್ಕೆ ಈಗ ಕಾರ್ಖಾನೆಯೇ ಇಲ್ಲ.

ಬಿಚ್ಚುವುದಕ್ಕೂ ಒಂದು ಮಿತಿ ಬೇಡವೇ? ಮಣಿಪಾಲದ ಟೈಗರ್ ಸರ್ಕಲ್ ಹತ್ತಿರ ಹುಡುಗನೊಬ್ಬ ಗಾಡಿಗೆ ಸುತ್ತು ಬಂದು, "ಅಂಕಲ್, ಚೈನ್ ಕೇಸ್ ಕೂಡ ತೆಗೀರಿ, ಲುಕ್ ಬರ್ತದೆ" ಎಂದ. ಜಾವಾದ ಕಾಲದಿಂದ ಬಂದ ಆ ಪೂರ್ತಿ ಮುಚ್ಚಿದ ಪೆಟ್ಟಿಗೆ ಇಡೀ ಗಾಡಿಯಲ್ಲೇ ಅತಿ ಜಾಣ ಭಾಗ. ನಮ್ಮ ಮುರಕಲ್ಲಿನ ಕೆಸರಿಗೆ, ಕಡಲ ಮರಳಿಗೆ ಅದೊಂದೇ ಉತ್ತರ. ನಾನು ಅವನ ಬೈಕಿನ ಹಿಂದೆ ಬಗ್ಗಿ ನೋಡಿದೆ. ತೆರೆದ ಚೈನಿಗೆ ಕೆಮ್ಮಣ್ಣು ಅಂಟಿತ್ತು, ಸ್ಪ್ರಾಕೆಟ್ಟಿನ ಹಲ್ಲುಗಳು ಸವೆದು ಒಂದು ಕಡೆಗೆ ಬಾಗಿದ್ದವು.

"ಮೊದಲು ಹೊಸ ಚೈನ್ ಸೆಟ್ ಹಾಕಿಸು" ಎಂದೆ, "ಲುಕ್ ಬಗ್ಗೆ ಆಮೇಲೆ ಮಾತಾಡುವ."