ಹಿಮಾದ್ರಿಯ ಕಿಟಕಿಯಾಚೆ ಹೆಪ್ಪುಗಟ್ಟದ ಕಡಲು

ಭೂಪಟದಲ್ಲಿ ನಾರ್ವೆಯ ನೆತ್ತಿಯಿಂದ ಬೆರಳನ್ನು ಇನ್ನೂ ಮೇಲಕ್ಕೆ ಸರಿಸಿ. ಉತ್ತರ ಧ್ರುವ ಇನ್ನು ಸುಮಾರು 1,200 ಕಿ.ಮೀ. ಇದೆ ಎನ್ನುವಾಗ ಸ್ವಾಲ್ಬಾರ್ಡ್ ದ್ವೀಪಸಮೂಹದ ನೈ-ಅಲೆಸುಂಡ್ ಎಂಬ ಪುಟ್ಟ ಊರು ಸಿಗುತ್ತದೆ. ಹಿಂದೆ ಇದು ಕಲ್ಲಿದ್ದಲ ಗಣಿಯ ಊರು. 1962ರ ಸ್ಫೋಟದಲ್ಲಿ 21 ಕಾರ್ಮಿಕರು ಸತ್ತ ಮೇಲೆ ಗಣಿ ಮುಚ್ಚಿತು. ಈಗ ಇಲ್ಲಿ ಹಲವು ದೇಶಗಳ ವಿಜ್ಞಾನಿಗಳ ವಾಸ. 2008ರಲ್ಲಿ ಭಾರತವೂ ಇಲ್ಲಿ ‘ಹಿಮಾದ್ರಿ’ ಎಂಬ ಸಂಶೋಧನಾ ಕೇಂದ್ರ ತೆರೆಯಿತು.

ಬೇಸಿಗೆಯಲ್ಲಿ ಸುಮಾರು ನಾಲ್ಕು ತಿಂಗಳು ಇಲ್ಲಿ ಸೂರ್ಯ ಮುಳುಗುವುದಿಲ್ಲ. ಚಳಿಗಾಲದಲ್ಲಿ ಹೆಚ್ಚುಕಡಿಮೆ ಅಷ್ಟೇ ಕಾಲ ಮೂಡುವುದೂ ಇಲ್ಲ. ಬಾಗಿಲುಗಳಿಗೆ ಬೀಗ ಹಾಕುವ ಪದ್ಧತಿಯಿಲ್ಲ. ಹಿಮಕರಡಿ ಎದುರಾದರೆ ಓಡಿ ಒಳಸೇರಲು ಯಾವುದಾದರೊಂದು ಬಾಗಿಲು ತೆರೆದಿರಬೇಕಲ್ಲ!

ಊರಿನ ಮುಂದೆಯೇ ಕಾಂಗ್ಸ್‌ಫಿಯೋರ್ಡ್ ಎಂಬ ಕೊಲ್ಲಿ. ಉಪ್ಪುನೀರು ಹೆಪ್ಪುಗಟ್ಟಲು ಮೈನಸ್ 1.8 ಡಿಗ್ರಿ ಸೆಲ್ಸಿಯಸ್ ಚಳಿ ಬೇಕು. ಮೊದಲೆಲ್ಲ ಚಳಿಗಾಲದಲ್ಲಿ ಈ ಕೊಲ್ಲಿ ಗಟ್ಟಿ ನೆಲದಂತಾಗುತ್ತಿತ್ತು. ಅಟ್ಲಾಂಟಿಕ್‌ನ ಬೆಚ್ಚನೆಯ ನೀರು ಒಳನುಗ್ಗತೊಡಗಿದ್ದರಿಂದ 2006ರ ಈಚೆಗೆ ಬಹುತೇಕ ಚಳಿಗಾಲಗಳಲ್ಲಿ ಒಳಮೂಲೆ ಬಿಟ್ಟರೆ ಉಳಿದೆಡೆ ಅಲೆಗಳೇ.

ಇಡೀ ಆರ್ಕ್‌ಟಿಕ್‌ನ ಕಥೆಯೂ ಇದೇ. 1979ರಿಂದ ಉಪಗ್ರಹಗಳು ಇಟ್ಟ ಲೆಕ್ಕದಲ್ಲಿ, ಸೆಪ್ಟೆಂಬರ್ ತಿಂಗಳ ಕಡಲ ಮಂಜುಗಡ್ಡೆ ದಶಕಕ್ಕೆ ಸುಮಾರು ಶೇ 12ರಂತೆ ಕುಗ್ಗಿದೆ. 2012ರಲ್ಲಿ ಅದು ಸುಮಾರು 34 ಲಕ್ಷ ಚದರ ಕಿ.ಮೀ.ಗೆ ಇಳಿದಿತ್ತು.

‘ಮಂಜುಗಡ್ಡೆ ಕರಗಿದರೆ ಕಡಲು ಉಕ್ಕುತ್ತದೆಯೇ?’ ಎಂದು ಮಕ್ಕಳು ಕೇಳಿದರೆ ಒಂದು ಲೋಟಕ್ಕೆ ಐಸ್ ತುಂಡು ಹಾಕಿ, ಅಂಚಿನವರೆಗೆ ನೀರು ತುಂಬಿಸಿ ಕೊಡಿ. ಐಸ್ ಕರಗಿದರೂ ನೀರು ಚೆಲ್ಲದು. ತೇಲುವ ಮಂಜುಗಡ್ಡೆಯದೂ ಹೆಚ್ಚುಕಡಿಮೆ ಹಾಗೆಯೇ. ಕಡಲ ಮಟ್ಟ ಏರಿಸುವುದು ನೆಲದ ಮೇಲಿನ ಹಿಮನದಿಗಳ ನೀರು. ಹಾಗಾದರೆ ಚಿಂತೆಯೇಕೆ? ಬಿಳಿಯ ಮಂಜುಗಡ್ಡೆ ತನ್ನ ಮೇಲೆ ಬಿದ್ದ ಬಿಸಿಲಿನ ಅರ್ಧಕ್ಕೂ ಹೆಚ್ಚು ಪಾಲನ್ನು ಹಿಂದಿರುಗಿಸುತ್ತದೆ. ಕಪ್ಪು ಕಡಲು ಬಹುಪಾಲು ಹೀರಿಕೊಳ್ಳುತ್ತದೆ. ಕಡಲು ಕಾದಷ್ಟೂ ಮಂಜುಗಡ್ಡೆ ಕರಗುತ್ತದೆ. ಅದು ಕರಗಿದಷ್ಟೂ ಕಡಲು ಕಾಯುತ್ತದೆ.

ಮಂಜುಗಡ್ಡೆಯ ಮೇಲಿನ ಹಿಮದಲ್ಲಿ ಗೂಡು ತೋಡಿ ಮರಿ ಹಾಕುವ ಸೀಲ್‌ಗಳಿಗೆ ನೆಲೆ ತಪ್ಪುತ್ತಿದೆ. ಸೀಲ್‌ಗಳನ್ನೇ ನಂಬಿದ ಹಿಮಕರಡಿ ಈಗ ದಡಕ್ಕೆ ಬಂದು ಹೆಬ್ಬಾತುಗಳ ಮೊಟ್ಟೆ ತಿನ್ನುತ್ತಿದೆ. ಒಬ್ಬರ ಹಸಿವು ಇನ್ನೊಬ್ಬರ ಗೂಡಿಗೆ ಕುತ್ತು.

2014ರಲ್ಲಿ ನಮ್ಮ ವಿಜ್ಞಾನಿಗಳು ನೀರಿನ ಉಷ್ಣತೆ, ಉಪ್ಪಿನಂಶ ಅಳೆಯಲು ಇದೇ ಕೊಲ್ಲಿಯ ಆಳಕ್ಕೆ ‘ಇಂಡಾರ್ಕ್’ ಉಪಕರಣಗಳನ್ನು ಇಳಿಸಿದರು. ಊರ ಹಿಂದಿನ ಝೆಪೆಲಿನ್ ಬೆಟ್ಟದ ವೀಕ್ಷಣಾಲಯ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಅಳೆಯುತ್ತದೆ. ಕಲ್ಲಿದ್ದಲು ಅಗೆದು ಕೊಟ್ಟ ಊರೇ ಇಂದು ಅದರ ಹೊಗೆಯ ಲೆಕ್ಕ ಬರೆಯುತ್ತಿದೆ. ಆ ಲೆಕ್ಕದಲ್ಲಿ ನಮ್ಮ ಮನೆಯ ದೀಪದ್ದೂ ಒಂದು ಪಾಲಿದೆ.