ಮನೆಮಂದಿಯೆಲ್ಲ ಬಂದುಬಿಡಬೇಕು

ಲಗ್ನಪತ್ರಿಕೆಯನ್ನು ಪೂರ್ತಿ ಓದುವವರು ಕಡಿಮೆ. ಯಾವ ವಾರ, ಯಾವ ಛತ್ರ, ಊಟ ಎಷ್ಟು ಹೊತ್ತಿಗೆ ಎಂಬಷ್ಟನ್ನು ನೋಡಿಕೊಂಡು ಟೀವಿಯ ಪಕ್ಕ ಒರಗಿಸಿಬಿಡುತ್ತಾರೆ. ನನಗೋ ನೆತ್ತಿಯ ಮೇಲಿನ ‘ಪ್ರಸನ್ನ’ದಿಂದ ಹಿಡಿದು ತಳದಲ್ಲಿ ಇರುವೆಯಷ್ಟು ಸಣ್ಣಕ್ಷರದ ಪ್ರೆಸ್ಸಿನ ಹೆಸರಿನವರೆಗೂ ಓದುವ ಚಟ. ಹಾಗೆ ಓದಿದರೆ ಒಂದು ಮನೆತನದ ಅರ್ಧ ಕಥೆ ಕೂತಲ್ಲೇ ತಿಳಿಯುತ್ತದೆ.

ಮೇಲೆ ಮೈಲಾರಲಿಂಗನೋ, ಸವದತ್ತಿ ಯಲ್ಲಮ್ಮನೋ, ಬಿಳಿಗಿರಿರಂಗನೋ ಇದ್ದರೆ ಆ ಕುಟುಂಬ ಮೂಲದಲ್ಲಿ ಯಾವ ಸೀಮೆಯದೆಂದು ಅಂದಾಜು ಸಿಕ್ಕಿತು. ಈಗ ಬೆಂಗಳೂರಿನ ಹನ್ನೆರಡನೇ ಮಹಡಿಯಲ್ಲಿದ್ದರೇನು, ಮನೆದೇವರಂತೂ ಬಾಡಿಗೆ ಮನೆ ಬದಲಿಸುವುದಿಲ್ಲ. ಆಮೇಲೆ ಬರುವುದು ಶಾಲಿವಾಹನ ಶಕೆ, ಸಂವತ್ಸರ, ಮಾಸ, ಪಕ್ಷ, ತಿಥಿ, ಲಗ್ನ. ದಿನವೂ ಇಂಗ್ಲಿಷ್ ತಾರೀಖಿನಲ್ಲೇ ಸಂಬಳ ಎಣಿಸುವ ನಾವು ಈ ಒಂದು ಕಾರ್ಡಿನ ಮಟ್ಟಿಗೆ ಹಠಾತ್ತನೆ 78 ವರ್ಷ ಹಿಂದಕ್ಕೆ ಸರಿಯುತ್ತೇವೆ. 2024ರ ಯುಗಾದಿಗೆ ಶುರುವಾದ ಶಕವರ್ಷ 1946ರ ಹೆಸರು ಕ್ರೋಧಿ. ಆ ವರ್ಷವಿಡೀ ನಾಡಿನ ಚಿರಂಜೀವಿಗಳೂ ಸೌಭಾಗ್ಯವತಿಯರೂ ಕ್ರೋಧಿಯ ಸಾಕ್ಷಿಯಲ್ಲೇ ಕೈಹಿಡಿದರು. ಯಾರೂ ತಕರಾರು ತೆಗೆದಂತೆ ಕಾಣಲಿಲ್ಲ, ಏಕೆಂದರೆ ಯಾರೂ ಓದಿರಲಿಲ್ಲ!

ಜನ ಓದುವುದು ಒಂದನ್ನು ಮಾತ್ರ, ‘ಸುಖಾಗಮನ ಬಯಸುವವರು’ ಎಂಬ ಪಟ್ಟಿಯನ್ನು. ಅದೂ ತಮ್ಮ ಹೆಸರಿದೆಯೇ, ಇದ್ದರೆ ಯಾರ ಕೆಳಗಿದೆ ಎಂದು. ಆ ಪಟ್ಟಿ ಬರೆಯುವುದು ಸಂಪುಟ ರಚನೆಗಿಂತ ಕಷ್ಟದ ಕೆಲಸ. ದೊಡ್ಡಪ್ಪನ ಹೆಸರು ಸೋದರಮಾವನ ಹೆಸರಿನ ಕೆಳಗೆ ಹೋಗುವಂತಿಲ್ಲ. ಒಬ್ಬ ಅಳಿಯನಿಗೆ ‘ಇಂಜಿನಿಯರ್, ಯು.ಎಸ್.ಎ.’ ಎಂದು ಬಾಲ ಅಂಟಿಸಿದರೆ ಊರಲ್ಲೇ ಉಳಿದು ಅಡಿಕೆ ತೋಟ ನೋಡಿಕೊಂಡ ಇನ್ನೊಬ್ಬ ಅಳಿಯನಿಗೆ ಏನು ಹಾಕುವುದು? ನಿವೃತ್ತರಾಗಿ ಎಷ್ಟು ಕಾಲವಾಗಿದ್ದರೂ ‘ನಿವೃತ್ತ ತಹಸೀಲ್ದಾರ್’ ಎಂಬುದನ್ನು ಬಿಡುವಂತಿಲ್ಲ. ಕರಡು ಮನೆಗೆ ಬಂದ ರಾತ್ರಿ ಯಾರಾದರೊಬ್ಬ ಅತ್ತೆ ಊಟ ಬಿಡುವುದು ಖಾತ್ರಿ. ಕೊನೆಗೆ ಎಲ್ಲರನ್ನೂ ತಣ್ಣಗೆ ಮಾಡಲು ಪುಟಾಣಿಗಳ ಹೆಸರಲ್ಲಿ ‘ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ’ ಎಂಬ ಸಾಲು. ಅದರಲ್ಲೂ ಒಂದು ಮಗು ಬಿಟ್ಟುಹೋಗಿ ಇನ್ನೊಂದು ಜಗಳ.

ಇದೆಲ್ಲ ನಗುವ ವಿಷಯ. ನಗು ಬಾರದ ವಿಷಯವೂ ಅದೇ ಹಾಳೆಯಲ್ಲಿದೆ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಹಾಕಿಯೋ ಟ್ಯೂಷನ್ ಹೇಳಿಯೋ ಮಗಳನ್ನು ಓದಿಸಿ ದಡ ಸೇರಿಸಿದ ತಾಯಿ ಮನೆಯಲ್ಲಿದ್ದರೂ ಎಷ್ಟೋ ಪತ್ರಿಕೆಗಳಲ್ಲಿ ‘ಆಹ್ವಾನಿಸುವವರು’ ಚಿಕ್ಕಪ್ಪ ಚಿಕ್ಕಮ್ಮನೇ. ಧಾರೆ ಎರೆಯಲು ಜೋಡಿ ಬೇಕು ಎಂಬ ಶಾಸ್ತ್ರವನ್ನು ಅಚ್ಚಿನ ಮೊಳೆಗಳ ತನಕ ಎಳೆದು ತಂದದ್ದು ಯಾರೋ ತಿಳಿಯದು. ಈಚೆಗೆ ತಾಯಿಯ ಹೆಸರನ್ನೇ ಮೊದಲು ಹಾಕಿದ ಪತ್ರಿಕೆಗಳೂ ಕೈಗೆ ಬರುತ್ತಿವೆ. ಅಂಥದ್ದು ಬಂದರೆ ಛತ್ರ ಎಷ್ಟೇ ದೂರವಿದ್ದರೂ ಹೋಗಬೇಕೆನಿಸುತ್ತದೆ.

ಕಾರ್ಡಿನ ಮೈಬಣ್ಣವಂತೂ ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ. ಹಿಂದೆ ಊರಿನ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ, ಸವೆದ ಗಣಪತಿ ಬ್ಲಾಕೊಂದನ್ನು ಒತ್ತಿ ಕೊಡುತ್ತಿದ್ದರು. ತೆಳು ಗುಲಾಬಿ ಕಾಗದ, ಬಾಯಿ ಅಂಟಿಸದ ಲಕೋಟೆ, ಮೂಲೆಯಲ್ಲಿ ‘ಬುಕ್ ಪೋಸ್ಟ್’. ಈಗ ಸುಲ್ತಾನಪೇಟೆಯ ಸಾಲಿನಲ್ಲಿ ನಿಂತರೆ ವೆಲ್ವೆಟ್ಟು, ಮರದ ಪೆಟ್ಟಿಗೆ, ಒಳಗೆ ಡ್ರೈಫ್ರೂಟ್ಸಿಗೆ ಖಾನೆ. ಬಳ್ಳಾರಿಯ ಮಾಜಿ ಸಚಿವ ಜನಾರ್ದನ ರೆಡ್ಡಿಯವರ ಮಗಳ ಮದುವೆಗೆ 2016ರಲ್ಲಿ ಹಂಚಿದ್ದು, ಮುಚ್ಚಳ ತೆರೆದರೆ ಪರದೆಯಲ್ಲಿ ಮನೆಯವರೇ ಹಾಡುತ್ತ ಕರೆಯುವ ಪೆಟ್ಟಿಗೆ. ಅದಕ್ಕೂ ಐವತ್ತು ವರ್ಷ ಮೊದಲು, 1966ರಲ್ಲಿ, ಇದೇ ನಾಡಿನಲ್ಲಿ ಕುವೆಂಪು ಅವರು ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಸಿದ್ದರು. ನಾವು ಮಂತ್ರಮಾಂಗಲ್ಯವನ್ನು ಹೊಗಳುತ್ತೇವೆ, ಪೆಟ್ಟಿಗೆಯ ರೇಟು ವಿಚಾರಿಸುತ್ತೇವೆ.

ಆದರೆ ಕಾರ್ಡು ತಾನಾಗಿ ಯಾರನ್ನೂ ಕರೆಯುತ್ತಿರಲಿಲ್ಲ. ಕರೆಯಲು ಮನುಷ್ಯರು ಬರುತ್ತಿದ್ದರು. ಭಾನುವಾರ ಮಧ್ಯಾಹ್ನ, ನಾವು ಹಳೇ ಪಂಚೆಯಲ್ಲಿ ಪೇಪರು ಹರವಿಕೊಂಡು ಕೂತಿರುವಾಗ ಗೇಟಿನ ಸದ್ದು. ಜರತಾರಿ ಸೀರೆಯಲ್ಲಿ ಬೆವೆತ ಅಮ್ಮ, ಕೈಚೀಲ ಹಿಡಿದ ಅಪ್ಪ. ಚೀಲದಲ್ಲಿ ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ ಪತ್ರಿಕೆಗಳು, ಕುಂಕುಮದ ಭರಣಿ, ಅಕ್ಷತೆ. “ಕೂತ್ಕೊಳ್ಳೋಕೆ ಟೈಮಿಲ್ಲ ಕಣ್ರೀ, ಇನ್ನೂ ಈ ಬಡಾವಣೆ ಪೂರ್ತಿ ಬಾಕಿ” ಎನ್ನುತ್ತಲೇ ಫ್ಯಾನಿನ ಕೆಳಗಿನ ಕುರ್ಚಿ ಹಿಡಿಯುತ್ತಿದ್ದರು. ಮುಂದಿನ ಒಂದು ಗಂಟೆಯಲ್ಲಿ ಮದುವೆಯ ಮಾತು ಐದು ನಿಮಿಷದ್ದು. ಉಳಿದದ್ದೆಲ್ಲ ಯಾರ ಮಂಡಿನೋವು ಎಲ್ಲಿಗೆ ಬಂತು, ಊರ ಜಮೀನಿನ ವ್ಯಾಜ್ಯ ಏನಾಯಿತು, ಹುಡುಗ ಹೇಗೆ ಸಿಕ್ಕಿದ ಎಂಬುದು. ಒಳಗೆ ಮಲಗಿದ್ದ ಅಜ್ಜಿಯ ಮಂಚದ ಹತ್ತಿರ ಹೋಗಿ ಕಾಲಿಗೆ ನಮಸ್ಕಾರ. ಹೊರಡುವಾಗ ಬಾಗಿಲಲ್ಲಿ ನಿಂತು, “ಹಿಂದಿನ ದಿನವೇ ಮನೆಮಂದಿಯೆಲ್ಲ ಬಂದುಬಿಡಬೇಕು.” ಉತ್ತರದ ಕಡೆ ಇದೇ ಕರೆ “ಅಕ್ಕಿಕಾಳಿಗೆ ಬರ್ರಿ” ಎಂದಾಗುತ್ತದೆ. ಪ್ರತಿ ಮನೆಯಲ್ಲೂ ಕಾಫಿ, ಪ್ರತಿ ಮನೆಯಲ್ಲೂ ಬೇಡವೆನ್ನುವಂತಿಲ್ಲ. ಮಗಳ ಮದುವೆ ಮುಗಿಯುವಷ್ಟರಲ್ಲಿ ಅಪ್ಪನಿಗೆ ಹೊಟ್ಟೆಯುರಿ ಗ್ಯಾರಂಟಿ.

ಮಾತು ಬಿಟ್ಟ ಅಣ್ಣತಮ್ಮಂದಿರು ಮತ್ತೆ ಎದುರುಬದುರು ಕೂರುತ್ತಿದ್ದುದೂ ಹೀಗೆ ಕರೆಯುವ ನೆಪದಲ್ಲೇ. ಸುಮ್ಮನೆ ಮನೆಗೆ ಹೋಗಲು ಬಿಗುಮಾನ ಬಿಡದು. ಕೈಯಲ್ಲೊಂದು ಲಗ್ನಪತ್ರಿಕೆಯಿದ್ದರೆ ಹೊಸಿಲು ದಾಟಬಹುದು. ಹೋಗದಿದ್ದರೆ ಮಾತು ಬರುತ್ತದೆ, ಬಂದವರನ್ನು ಒಳಗೆ ಕರೆಯದಿದ್ದರೆ ಇನ್ನೂ ಹೆಚ್ಚು ಮಾತು ಬರುತ್ತದೆ. ಸಮಾಜದ ಹೆದರಿಕೆಯಿಂದ ಆದ ಒಳ್ಳೆಯ ಕೆಲಸಗಳ ಪಟ್ಟಿ ಮಾಡಿದರೆ ಇದು ಮೇಲ್ಗಡೆಯೇ ಬಂದೀತು.

ಕರೆಯುವ ರೀತಿಗೆ ತಕ್ಕಂತೆ ಹೋಗುವ ರೀತಿಯೂ ನಿಗದಿಯಾಗಿತ್ತು. ಮನೆಗೆ ಬಂದು ಕರೆದರೆ ಸಕುಟುಂಬ. ಅಂಚೆಯಲ್ಲಿ ಬಂದರೆ ಮನೆಗೊಬ್ಬರು, ಊಟದ ಹೊತ್ತಿಗೆ. ದಾರಿಯಲ್ಲಿ ಸಿಕ್ಕಾಗ “ನಿಮಗೂ ಕೊಡಬೇಕಿತ್ತು, ಕಾರ್ಡು ಮನೆಯಲ್ಲೇ ಉಳಿಯಿತು” ಎಂದರೆ ಶುಭ ಹಾರೈಸಿ ಅಲ್ಲಿಗೇ ಮುಗಿಸುವುದು. ಈಗ ವಾಟ್ಸಾಪಿನಲ್ಲಿ ಕೊಳಲಿನ ಹಿನ್ನೆಲೆಯೊಡನೆ ಗುಲಾಬಿ ಪಕಳೆ ಉದುರುವ ವಿಡಿಯೋ ಬರುತ್ತದೆ, ಕೆಳಗೆ ‘ಇದನ್ನೇ ವೈಯಕ್ತಿಕ ಆಹ್ವಾನವೆಂದು ಭಾವಿಸಿ’ ಎಂಬ ಕೋರಿಕೆ. ನಾನೂರು ಜನರಿಗೆ ಒಂದೇ ಒತ್ತಿನಲ್ಲಿ ಹೋದದ್ದನ್ನು ವೈಯಕ್ತಿಕವೆಂದು ಭಾವಿಸುವ ಕಷ್ಟವನ್ನು ಅವರು ನಮಗೇ ಬಿಟ್ಟಿದ್ದಾರೆ. ನಾವೂ ಕಡಿಮೆಯೇನಲ್ಲ. ಕೈಮುಗಿದ ಎರಡು ಚಿತ್ರ ಕಳಿಸಿ, ಫೋನ್‌ಪೇಯಲ್ಲಿ ಮುಯ್ಯಿ ಹಾಕಿ, ಭಾನುವಾರದ ನಿದ್ದೆ ಉಳಿಸಿಕೊಳ್ಳುತ್ತೇವೆ. ಮುಯ್ಯಿ ಬರೆಯಲು ಛತ್ರದ ಬಾಗಿಲಲ್ಲಿ ನೋಟ್‌ಬುಕ್ಕು ಹಿಡಿದು ಕೂರುತ್ತಿದ್ದ ಭಾವನಿಗೂ ಕೆಲಸ ತಪ್ಪಿತು.

ಹಾಗೆಂದು ಕಾರ್ಡಿಗಾಗಿ ನಾನು ಕಣ್ಣೀರು ಹಾಕುವವನಲ್ಲ. ಚಿನ್ನದ ಬಣ್ಣ ಬಳಿದು, ಪ್ಲಾಸ್ಟಿಕ್ ಹಾಳೆ ಹೊದಿಸಿದ ಆ ಭಾರದ ಕಾಗದ ಮದುವೆ ಮುಗಿದ ಮೇಲೆ ಯಾರಿಗೂ ಬೇಡ. ದೇವರ ಚಿತ್ರ ಇರುವುದರಿಂದ ಕಸಕ್ಕೂ ಹಾಕಲಾಗದೆ ಬೀರುವಿನ ತಲೆಯ ಮೇಲೆ ಪೇರಿಸುತ್ತೇವೆ. ಅದನ್ನು ಆಸಕ್ತಿಯಿಂದ ಕೇಳಿ ಪಡೆಯುವುದು ಉಪನೋಂದಣಾಧಿಕಾರಿಗಳ ಕಚೇರಿ ಮಾತ್ರ, ಮದುವೆ ನೋಂದಣಿಗೆ ದಾಖಲೆಯಾಗಿ. ವಾಟ್ಸಾಪಿನಲ್ಲೇ ಎಲ್ಲರನ್ನೂ ಕರೆದ ಜೋಡಿ ಸರ್ಕಾರಕ್ಕೆಂದು ನಾಲ್ಕು ಪ್ರತಿ ಅಚ್ಚು ಹಾಕಿಸುವುದುಂಟು. ಬಂಧುಗಳಿಗೆ ಇಲ್ಲದ ಮರ್ಯಾದೆ ಕಚೇರಿಗೆ! ಬೆಂಗಳೂರಿನಂಥ ಊರಲ್ಲಿ ನಾನೂರು ಮನೆಗೆ ಹೋಗಿ ಕರೆಯಿರಿ ಎಂದರೆ ಹುಡುಗನ ಅಪ್ಪ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ವಾನಪ್ರಸ್ಥಕ್ಕೆ ಕೂರಬೇಕಾದೀತು.

ಆದ್ದರಿಂದ ಈ ಸಲ ಮಕ್ಕಳ ಮದುವೆ ಮಾಡುವವರು ಕಾರ್ಡಿನ ದುಡ್ಡು ಉಳಿಸಿ, ಪೆಟ್ರೋಲಿಗೆ ಹಾಕಿ. ಮೊಬೈಲು ಬಳಸದ ಮುದುಕರು, ಮಾತು ಬಿಟ್ಟ ನೆಂಟರು, ಓದುವ ಕಾಲಕ್ಕೆ ಅನ್ನ ಹಾಕಿದವರು ಎಂದು ಹತ್ತಿಪ್ಪತ್ತು ಮನೆ ಆರಿಸಿಕೊಂಡು ಖುದ್ದಾಗಿ ಹೋಗಿ ಬನ್ನಿ. ಉಳಿದವರಿಗೆ ವಿಡಿಯೋ ಸಾಕು. ನನ್ನ ಹೆಸರು ಆ ಹತ್ತಿಪ್ಪತ್ತರಲ್ಲಿ ಇದ್ದರೆ ಭಾನುವಾರ ನಾಲ್ಕರ ಮೇಲೆ ಬನ್ನಿ, ಮುಂಚೆ ಫೋನ್ ಮಾಡುವುದೇನೂ ಬೇಡ.